ಬೆರಳಿಗೆ ಬಡಿದ ಗಡ್ಡೆ

ಆಗ ನನಗೆ ಅರವತ್ತೆರಡು. ಎರಡು ವರ್ಷದ ಹಿಂದಿನ ಮಾತು. ವಯಸ್ಸು ಅಂದಾಜಿನದು. ಆಧಾರ್ ಕಾರ್ಡು ಮಾಡುವವನು ನನ್ನ ಮುಖ ನೋಡಿ ಹುಟ್ಟಿದ ವರ್ಷ ಅಂತ ಒಂದು ಬರೆದ, ನಾನೂ ಹೂಂ ಅಂದೆ.

ನನ್ನ ನೆಗೆಣ್ಣಿಯ ತೊಡೆಸಂದಿಯಲ್ಲಿ ಒಂದು ಗಡ್ಡೆ ಎದ್ದಿತ್ತು. ಅದನ್ನು ನಾನು ಸೂಜಿಯಿಂದ ಚುಚ್ಚಲು ಕೂತಿದ್ದೆ. ಚುಚ್ಚಿದ್ದರೆ ಅವಳು ನನ್ನ ಕೈಯಲ್ಲೇ ಹೋಗುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಮುಚ್ಚಿಟ್ಟಂತೆ ಆಗುತ್ತದೆ. ಮುಚ್ಚಿಟ್ಟದ್ದರಿಂದಲೇ ಇಷ್ಟೆಲ್ಲ ಆದದ್ದು.

ನೆಗೆಣ್ಣಿ ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ನಾಲ್ಕು ವರ್ಷ ದೊಡ್ಡವಳು. ವಿಜಯಪುರದ ಕಡೆಯಿಂದ ಅಣ್ಣತಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರಕ್ಕೆ ಬಂದರು, ಅವರ ಹಿಂದೆ ನಾವಿಬ್ಬರೂ ಬುಟ್ಟಿ ಹಿಡಿದು ಬಂದೆವು. ನನ್ನ ಗಂಡ ತೀರಿಕೊಂಡ. ನಾನು ಮಗ ಸೊಸೆಯ ಜೊತೆ ನಾಸಿಕದಲ್ಲಿ, ಸೈಟಿನ ಪಕ್ಕದ ತಗಡಿನ ಖೋಲಿಯಲ್ಲಿ ಇದ್ದೇನೆ. ಅವಳು ಮತ್ತು ನನ್ನ ಭಾವ ಸಂಭಾಜಿನಗರದಲ್ಲಿ. ಭಾವ ಅಲ್ಲಿ ದೌಲತಾಬಾದ್ ರಸ್ತೆಯ ಒಂದು ಸೈಟಿಗೆ ವಾಚ್‌ಮನ್.

ನನ್ನ ಕೈಯ ಬಗ್ಗೆಯೂ ಹೇಳಬೇಕು. ನಮ್ಮ ಸೈಟಿನಲ್ಲಿ ಯಾರಿಗೆ ಕುರು ಎದ್ದರೂ ನನ್ನ ಬಳಿ ಬರುತ್ತಿದ್ದರು. ನನ್ನ ಅವ್ವ ಮಾಡುತ್ತಿದ್ದಳು, ನಾನು ನೋಡಿ ಕಲಿತೆ. ಮೊದಲು ಸುಣ್ಣ ಬೆಲ್ಲ ಕಲಸಿ ಹಚ್ಚಬೇಕು, ಮೇಲೆ ಅರಿವೆ ಕಟ್ಟಬೇಕು. ನಾಲ್ಕು ದಿನದಲ್ಲಿ ಹಣ್ಣಾಗುತ್ತದೆ. ಐದನೆಯ ದಿನ ಬೆಳಗಿನ ಬೆಳಕಿನಲ್ಲಿ ಕೂರಿಸಿ, ಕೌದಿ ಹೊಲಿಯುವ ದಪ್ಪ ಸೂಜಿಯನ್ನು ಕೆಂಪಗೆ ಕಾಯಿಸಿ, ಆರಿಸಿ, ಬಾಯಿ ಮಾಡಿ ಕೀವು ತೆಗೆಯಬೇಕು. ಒಂದೇ ಕಟ್ಟುನಿಟ್ಟು: ಹಣ್ಣಾಗುವ ತನಕ ಮುಟ್ಟಿ ಒತ್ತಿ ನೋಡಬಾರದು. ಹಸಿ ಕುರು ಒತ್ತಿದರೆ ಕೀವು ಒಳಗೆ ಓಡುತ್ತದೆ ಎಂದು ಅವ್ವ ಹೇಳಿದ್ದಳು. ನಾನು ಅದನ್ನು ಒಂದು ದಿನವೂ ಮೀರಲಿಲ್ಲ. ಈ ಒಂದು ಕಟ್ಟುನಿಟ್ಟೇ ನಮ್ಮನ್ನು ಮುಳುಗಿಸುವುದರಲ್ಲಿತ್ತು.

ಒಂದು ದಿನ ಭಾವನ ಫೋನು ಬಂತು. ನೆಗೆಣ್ಣಿ ನೀರಿನ ಕೊಡ ಇಳಿಸುವಾಗ ಎದೆ ಹಿಡಿದುಕೊಂಡು ಕೂತಳಂತೆ, ಬೆವತಳಂತೆ, ದವಾಖಾನೆಗೆ ಹಾಕಿದ್ದಾರಂತೆ. ನಾನು ಎಸ್‌ಟಿ ಬಸ್ಸು ಹತ್ತಿದೆ. ಯೇವಲಾ ದಾಟುವಾಗ ಪಕ್ಕದಲ್ಲಿ ಕೂತ ಹೆಂಗಸು ಪೈಠಣಿ ಸೀರೆಯ ಮಾತು ತೆಗೆದಳು. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು: ಇವಳು ಹೋದರೆ ಊರಿನ ಹಳೆಯ ಮಾತು ಆಡಲು ನನಗೆ ಯಾರಿದ್ದಾರೆ? ನಾವಿಬ್ಬರೂ ನಲವತ್ತು ವರ್ಷ ಜಗಳವಾಡಿದವರು. ಜಗಳವಾಡಲು ಕೂಡ ಹಳಬರು ಬೇಕು.

ನಾನು ಹೋಗುವಷ್ಟರಲ್ಲಿ ಅವಳ ಎದೆಗೆ ತಂತಿ ಹಾಕಿ, ಮುಚ್ಚಿದ್ದ ನಾಳದಲ್ಲಿ ಜಾಳಿಗೆಯ ಹಾಗಿನ ಸ್ಟೆಂಟು ಕೂರಿಸಿ ಮುಗಿದಿತ್ತು. ಈಗ ಬಹಳ ಜನಕ್ಕೆ ಮಣಿಕಟ್ಟಿನಿಂದಲೇ ಹಾಕುತ್ತಾರಂತೆ. ಅವಳ ಕೈಯ ನಾಳ ಸಣ್ಣದು, ತಂತಿ ಹೋಗಲಿಲ್ಲ, ಹಾಗಾಗಿ ಬಲತೊಡೆಯ ಸಂದಿಯಿಂದ ಹಾಕಿದರು. ತಂತಿ ತೆಗೆದ ಮೇಲೆ ಅಲ್ಲಿ ಬಿಗಿಯಾಗಿ ಪಟ್ಟಿ ಕಟ್ಟಿ, ಮೇಲೆ ಒಂದು ಸಣ್ಣ ಮರಳಿನ ಚೀಲ ಇಟ್ಟಿದ್ದರು.

ನನ್ನನ್ನು ನೋಡಿ ಅವಳು ಅಂದ ಮೊದಲ ಮಾತು ಇದು: “ನೋಡ, ಜಲ್ಮ ಎಲ್ಲಾ ತಲಿ ಮ್ಯಾಲ ಉಸುಕ ಹೊತ್ತೆ. ಈಗ ತೊಡಿ ಮ್ಯಾಲ ಹೇರ್ಯಾರ.”

“ಅದಕ್ಕೂ ಸೈಟಿನ ಮುಕಾದಮನ ಕಡಿಂದ ಹಾಜರಿ ಹಾಕಸ್ತೀನಿ, ಸುಮ್ನ ಮಲ್ಕೊ” ಅಂದೆ.

ನರ್ಸ್ ಬಂದು ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಆರು ತಾಸು ಅಂಗಾತ ಮಲಗಬೇಕು. ಬಲಗಾಲು ಮಡಿಸಬಾರದು. ಕೂರಬಾರದು. ಒಂದಕ್ಕೆ ಬಂದರೆ ಹೇಳಿ, ಬೆಡ್‌ಪ್ಯಾನ್ ಕೊಡುತ್ತೇನೆ. ನನಗೆ ತಿಳಿಯಿತು. ತಿಳಿಯಲಿಲ್ಲ ಅಂತ ಇವತ್ತು ಹೇಳಿದರೆ ಸುಳ್ಳಾಗುತ್ತದೆ.

ಮೂರು ತಾಸು ಮಲಗಿದಳು. ಆಮೇಲೆ ಚಡಪಡಿಸಲು ಶುರು ಮಾಡಿದಳು.

“ಸಣ್ಣಾಕಿ, ನನಗ ತಡಿಯೂದಿಲ್ಲ.”

“ನರ್ಸ್‌ನ ಕರೀತೀನಿ, ಅದ ತರ್ತಾಳ.”

“ಏನ್ ತರ್ತಾಳ? ಹಾಸಿಗ್ಯಾಗ ಉಚ್ಚಿ ಹೊಯ್ಯಾಕ ನಾ ಏನ್ ಕೂಸೇನ? ಆ ಕಡಿ ಗಂಡಸರು ಅಡ್ಯಾಡಾಕತ್ತಾರ. ಒಂದು ಹೆಜ್ಜಿ ಅದ ಸಂಡಾಸ. ಕೈ ಹಿಡಿ.”

ಪರದೆ ಎಳೆದಿತ್ತು, ಗಂಡಸರು ಯಾರೂ ಇಣುಕುತ್ತಿರಲಿಲ್ಲ. ಆದರೂ ನಾನು ಕೈ ಹಿಡಿದೆ. ಹೆರಿಗೆಯಾದ ದಿನವೇ ಎದ್ದು ನೀರು ತಂದವರು ನಾವು. ಸೂಜಿಯ ತೂತಿನಷ್ಟು ಗಾಯಕ್ಕೆ ಆರು ತಾಸು ಮಲಗುವುದು ಬಡಿವಾರ ಅಂತ ನನಗೂ ಒಳಗೆ ಅನ್ನಿಸಿತ್ತು. ಮರಳಿನ ಚೀಲ ಬದಿಗಿಟ್ಟೆ. ನರ್ಸ್ ವಾರ್ಡಿನ ಆ ತುದಿಯಲ್ಲಿ ಒಬ್ಬನಿಗೆ ಸಲಾಯಿನ್ ಹಚ್ಚುತ್ತಿದ್ದಳು. ಅವಳ ಬೆನ್ನು ನೋಡಿಕೊಂಡು ಇಬ್ಬರೂ ಹೋದೆವು. ಸಂಡಾಸು ಕುಕ್ಕರುಗಾಲಿನದು. ನೆಗೆಣ್ಣಿ ನನ್ನ ಹೆಗಲು ಹಿಡಿದು ಪೂರ್ತಿ ಕೂತಳು, ಪೂರ್ತಿ ಎದ್ದಳು. ಏಳುವಾಗ “ಹಾ” ಅಂದಳು. ಏನಾಯಿತು ಅಂದೆ. ಏನಿಲ್ಲ ನಡಿ ಅಂದಳು. ಮತ್ತೆ ಮಲಗಿಸಿ ಚೀಲ ಇದ್ದಲ್ಲೇ ಇಟ್ಟೆ. ನರ್ಸ್ ಬಂದು ಪಟ್ಟಿ ನೋಡಿ “ಛಾನ್, ಮಾವಶಿ” ಅಂದಳು, ಭೇಷ್ ಚಿಕ್ಕವ್ವ ಅಂತ. ನಾವು ಮುಖ ಮುಖ ನೋಡಿಕೊಂಡು ನಕ್ಕೆವು.

ಎರಡು ದಿನಕ್ಕೆ ಮನೆಗೆ ಬಿಟ್ಟರು. ರಕ್ತ ತೆಳ್ಳಗಿಡುವ ಗುಳಿಗೆ ಕೊಟ್ಟು, ಒಂದು ದಿನವೂ ತಪ್ಪಿಸಬೇಡಿ ಅಂದರು. ಕಾಗದಗಳ ಚೀಲ ಕೊಟ್ಟರು. ಭಾವನ ಖೋಲಿಯಲ್ಲಿ ನೀರು ದೂರ, ನೋಡುವವರಿಲ್ಲ. ನಾನು ನಾಸಿಕಕ್ಕೆ ಕರೆದುಕೊಂಡು ಹೊರಟೆ. ಐದು ತಾಸು ಬಸ್ಸಿನಲ್ಲಿ ಕಾಲು ಮಡಿಸಿ ಕೂತಳು. ನಾಸಿಕದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಎಡವಿ ಬಲಗಾಲಿನ ಹೆಬ್ಬೆರಳಿನ ಉಗುರು ಕಿತ್ತುಕೊಂಡಳು.

ಆ ಹೆಬ್ಬೆರಳು ನಮ್ಮ ದಾರಿ ತಪ್ಪಿಸಿತು. ಮೂರನೆಯ ದಿನ ಬೆರಳು ಬಾತು ಕೀವಾಯಿತು. ಅದೇ ದಿನ ತೊಡೆಸಂದಿಯಲ್ಲಿ ಲಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತು. ಕಾಲಲ್ಲಿ ಹುಣ್ಣಾದರೆ ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆ, ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಸುಳ್ಳೂ ಅಲ್ಲ, ಡಾಕ್ಟರರೇ ಆಮೇಲೆ ಹೌದು ಅಂದರು. ತಂತಿ ಹಾಕಿದ ಜಾಗ ನೋಡಿದೆವು. ಸುತ್ತ ನೀಲಿಗಟ್ಟಿತ್ತು, ತೂತು ಮಾತ್ರ ಕೂಡಿ ಚುಕ್ಕೆಯಾಗಿತ್ತು. ಮೇಲೆ ಕೂಡಿದ ಮೇಲೆ ಒಳಗೂ ಕೂಡಿರಬೇಕು ಅಂದುಕೊಂಡೆವು.

“ಬೆರಳಿಂದ ಬಂದದ್ದಿದು. ನಿನ್ನ ಸುಣ್ಣ ಬೆಲ್ಲ ಹಚ್ಚು” ಅಂದಳು. ಹಚ್ಚಿದೆ. ಸೀರೆಯ ಮರೆಯಲ್ಲಿ ಕೈ ಹಾಕಿ, ಮುಟ್ಟಿಯೂ ಮುಟ್ಟದ ಹಾಗೆ ಸವರಿ, ಅರಿವೆ ಇಟ್ಟೆ. ದಿನಾ ಹಳೆಯದರ ಮೇಲೆ ಹೊಸದು. ಒತ್ತಿ ನೋಡಲಿಲ್ಲ. ಗಡ್ಡೆ ಲಿಂಬೆಯಿಂದ ಪೇರಲಹಣ್ಣಿನಷ್ಟಾಯಿತು. ಚೆನ್ನಾಗಿ ಹಣ್ಣಾಗುತ್ತಿದೆ ಅಂತ ನಾನು ಖುಷಿಪಟ್ಟೆ.

ಹಚ್ಚಲು ಶುರು ಮಾಡಿದ ಐದನೆಯ ದಿನ ಬೆಳಿಗ್ಗೆ ಮಗ ಕೆಲಸಕ್ಕೆ ಹೋದ ಮೇಲೆ ಬಾಗಿಲು ಮುಂದಕ್ಕೆ ಮಾಡಿ, ಕಿಟಕಿಯ ಬೆಳಕಿಗೆ ಅವಳನ್ನು ಮಲಗಿಸಿದೆ. ಸೊಸೆ ಸ್ಟವ್ ಹಚ್ಚಿ ಕೊಟ್ಟಳು. ಸೂಜಿ ಕಾಯಿಸಿ ಆರಿಸಲು ಇಟ್ಟೆ. ಈಗ ಒತ್ತಿ ನೋಡಬಹುದು. ಕೀವು ಎಲ್ಲಿ ಮೆತ್ತಗಿದೆಯೋ ಅಲ್ಲೇ ಚುಚ್ಚಬೇಕು, ಅದಕ್ಕಾಗಿ ಎರಡೂ ಕೈಯ ಒಂದೊಂದು ಬೆರಳನ್ನು ಗಡ್ಡೆಯ ಆ ಬದಿ ಈ ಬದಿ ಇಟ್ಟೆ.

ಕೀವಿನ ಗಡ್ಡೆ ಬೆರಳಿಗೆ ಜಾಗ ಬಿಡುತ್ತದೆ. ಇದು ಬೆರಳನ್ನು ದೂಡಿತು. ನಾನು ಮತ್ತೆ ಒತ್ತಿದೆ. ಮತ್ತೆ ದೂಡಿತು. ಎರಡು ಬೆರಳೂ ಅತ್ತಿತ್ತ ಸರಿಯುತ್ತಿದ್ದವು, ಒಳಗೆ ಯಾರೋ ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿದ ಹಾಗೆ. ಅಂಗೈ ಇಟ್ಟೆ. ಕಾಂಕ್ರೀಟು ಕಲಸುವ ಯಂತ್ರ ತಿರುಗುವಾಗ ಅದರ ಮೈಮೇಲೆ ಕೈ ಇಟ್ಟರೆ ಬರುತ್ತದಲ್ಲ, ಅಂಥ ಸಣ್ಣ ನಡುಕ. ಎಡಗೈಯಿಂದ ಅವಳ ಮಣಿಕಟ್ಟು ಹಿಡಿದೆ. ನಾಡಿ ಬಡಿದಾಗ ಗಡ್ಡೆಯೂ ಬಡಿಯುತ್ತಿತ್ತು. ಎರಡಕ್ಕೂ ಒಂದೇ ತಾಳ.

ಎಷ್ಟು ಕುರು ತೆಗೆದಿದ್ದೇನೋ ಲೆಕ್ಕವಿಲ್ಲ. ಒಂದೂ ಬಡಿದಿರಲಿಲ್ಲ.

“ಏನ್ ನೋಡ್ಕೋತ ಕುಂತಿ? ಚುಚ್ಚ” ಅಂದಳು ನೆಗೆಣ್ಣಿ.

“ಇಲ್ಲ ಎಕ್ಕಾ. ಇದು ಕುರು ಅಲ್ಲ.”

“ಮತ್ತೇನ ಬದನಿಕಾಯೇನ? ನಾಲ್ಕ ದಿನ ಹಚ್ಚಿದಿ, ನನಗ ಕಾಲ ಎತ್ತಾಕ ಆಗವಲ್ದು. ಸೆಳಿತೈತಿ. ಚುಚ್ಚಿ ಬಿಡ ಒಮ್ಮಿ.”

“ಚುಚ್ಚೂದಿಲ್ಲ.”

“ಸೈಟಿನ ಮಂದೀದೆಲ್ಲಾ ಚುಚ್ಚತಿ. ನಂದಷ್ಟ ಆಗೂದಿಲ್ಲ. ಗೊತ್ತೈತಿ ನನಗ. ಪಾಲ ಆದಾಗ ಹಿತ್ತಾಳಿ ಕೊಡ ನಾ ಇಟ್ಕೊಂಡಿದ್ದು ಇನ್ನೂ ನಿನ್ನ ಹೊಟ್ಯಾಗ ಐತಿ.”

“ಐತಿ. ಕೊಡ ನಂದ, ನಮ್ಮ ಅವ್ವ ಕೊಟ್ಟದ್ದು. ಅದನ್ನ ಆಮ್ಯಾಲ ಮಾತಾಡೂಣು. ಈಗ ಕಾಲ ನೀಟ ಚಾಚು, ಮಡಚಬ್ಯಾಡ.”

ಹೀಗೆ ಹೇಳುತ್ತ ಸೂಜಿಯನ್ನು ಸೊಸೆಯ ಕೈಗೆ ಕೊಟ್ಟೆ. ಕಾಲು ಚಾಚು, ಮಡಿಸಬೇಡ ಅಂತ ನನ್ನ ಬಾಯಿಂದ ಬಂತಲ್ಲ, ಆಗಲೇ ನರ್ಸಿನ ಮಾತು ನೆನಪಾಯಿತು, ಸಂಡಾಸು ನೆನಪಾಯಿತು. ಸೊಸೆಗೆ ಕಾಗದದ ಚೀಲ ತೆಗೆ ಅಂದೆ. ಅವಳು ನಾಸಿಕದಲ್ಲೇ ಹುಟ್ಟಿದವಳು, ಮರಾಠಿ ಶಾಲೆಯಲ್ಲಿ ಹತ್ತನೆಯ ತನಕ ಓದಿದವಳು, ಕನ್ನಡ ಆಡಿದರೆ ಅರ್ಧ ಮರಾಠಿ. ನಾನು ಎರಡನೆಯ ತನಕ ಕನ್ನಡ ಶಾಲೆಗೆ ಹೋದವಳು, ಆ ಕಾಗದ ನನಗೆ ಗೆರೆಗಳಿದ್ದ ಹಾಗೆ. ಆದರೆ ಓದುವವಳು ಮನೆಯಲ್ಲೇ ಇದ್ದಳು, ಬಂದ ದಿನದಿಂದ ಆ ಚೀಲ ಮೊಳೆಗೆ ತೂಗಿತ್ತು, ಓದು ಅಂತ ನಾನು ಹೇಳಲಿಲ್ಲ. ಗುಳಿಗೆ ತೆಗೆಯಲು ಮಾತ್ರ ಕೈ ಹಾಕುತ್ತಿದ್ದೆವು.

“ಅತ್ತಿ, ಹಿತ ಬರದಾರ್ ನೋಡ್ರಿ” ಅಂದಳು ಸೊಸೆ. “ತಂತಿ ಹಾಕಿದ್ ಜಾಗಾಕ್ಕ ಸೂಜ್ ಬಂದ್ರ, ದುಃಖಲ್ ತರ್, ಲಗೇಚ್ ಯಾ.”

ಬಾವು ಬಂದರೆ, ನೋವು ಬಂದರೆ, ತಡಮಾಡದೆ ಬನ್ನಿ. ಇಷ್ಟೇ ಇತ್ತು ಅದರಲ್ಲಿ.

ರಿಕ್ಷಾದ ಹಿಂದಿನ ಸೀಟಿನಲ್ಲಿ ಅವಳನ್ನು ಓರೆಯಾಗಿ ಕೂರಿಸಿ, ಕಾಲನ್ನು ನನ್ನ ತೊಡೆಯ ಮೇಲೆ ನೀಟಾಗಿ ಚಾಚಿಸಿಕೊಂಡೆ. ಸೊಸೆ ಡ್ರೈವರನ ಪಕ್ಕ ಕೂತಳು. ನಾಸಿಕದ ದೊಡ್ಡ ದವಾಖಾನೆಗೆ ಹೋದೆವು. ಗುಂಡಿ ಬಂದಾಗಲೆಲ್ಲ ನೆಗೆಣ್ಣಿ ಡ್ರೈವರನಿಗೆ ಕನ್ನಡದಲ್ಲಿ ಬೈದಳು. ಅವನಿಗೆ ತಿಳಿಯದ್ದು ಒಳ್ಳೆಯದಾಯಿತು.

ಅಲ್ಲಿ ಒಬ್ಬ ಹೆಣ್ಣು ಡಾಕ್ಟರು ನೋಡಿದರು. ನನ್ನ ಮಗಳ ವಯಸ್ಸು ಇರಬಹುದು. ಅವರು ಮರಾಠಿ ಆಡಿದರು, ನಾವು ಹರಕು ಮುರುಕು ಮರಾಠಿ ಆಡಿದೆವು, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಡಾಕ್ಟರು ಮೊದಲು ಕೈ ಇಟ್ಟು ನೋಡಿದರು, ಆಮೇಲೆ ಕಿವಿಗೆ ಕೊಳವೆ ಹಾಕಿಕೊಂಡು ಗಡ್ಡೆಯ ಮೇಲಿಟ್ಟು ಕೇಳಿದರು. ಚರ್ಮದ ಮೇಲೆ ಒಣಗಿದ ಸುಣ್ಣ ಪದರು ಪದರಾಗಿ ಅಂಟಿತ್ತು, ಕೆಳಗೆ ಕೆಂಪಗೆ ಸುಟ್ಟಿತ್ತು.

“ಇದನ್ನು ಯಾರು ಹಚ್ಚಿದ್ದು?”

“ನಾನು.”

“ಬಡಿಯುತ್ತದೆ ಅಂತ ಮೊದಲು ಯಾರು ನೋಡಿದ್ದು?”

“ಅದೂ ನಾನೇ.”

ಡಾಕ್ಟರು ನನ್ನ ಮುಖ ನೋಡಿದರು. “ಇವತ್ತು ಬರದಿದ್ದರೆ ಏನು ಮಾಡುತ್ತಿದ್ದಿರಿ ಆಜಿ?”

“ಚುಚ್ಚುತ್ತಿದ್ದೆ.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹತ್ತಿಯಿಂದ ಸುಣ್ಣವನ್ನು ಮೆಲ್ಲಗೆ ಒರೆಸುತ್ತ ಇನ್ನೊಂದು ಕೇಳಿದರು: “ತಂತಿ ಹಾಕಿದ ದಿನ ಆರು ತಾಸು ಮಲಗಿದ್ದರಾ? ನಡುವೆ ಎದ್ದಿದ್ದರಾ?”

“ಇಲ್ಲ, ಎದ್ದಿಲ್ಲ. ಕಟ್ಟಿಗಿ ಬಿದ್ದಂಗ ಬಿದ್ದಿದ್ದೆ” ಅಂದಳು ನೆಗೆಣ್ಣಿ, ನನ್ನ ಕಡೆ ನೋಡದೆ. ನನ್ನನ್ನು ಉಳಿಸಲು ಅಂದಳೋ ತನ್ನ ಮಾನ ಉಳಿಸಿಕೊಳ್ಳಲು ಅಂದಳೋ, ಇವತ್ತಿಗೂ ಕೇಳಿಲ್ಲ.

“ಎದ್ದಿದ್ದಳು” ಅಂದೆ ನಾನು. “ಮೂರು ತಾಸಿಗೆ. ನಾನೇ ಕೈ ಹಿಡಿದು ಸಂಡಾಸಿಗೆ ಒಯ್ದೆ. ಕುಕ್ಕರುಗಾಲಲ್ಲಿ ಕೂತಳು. ನರ್ಸಿಗೆ ಹೇಳಲಿಲ್ಲ.”

“ಬಾಯಿ ಹರಕಿ” ಅಂದಳು ನೆಗೆಣ್ಣಿ ಕನ್ನಡದಲ್ಲಿ.

ಡಾಕ್ಟರು ಬರೆದುಕೊಂಡರು. ಅದರಿಂದಲೇ ಆಯಿತು ಅಂತ ಖಂಡಿತ ಹೇಳಲು ಬರುವುದಿಲ್ಲ, ನೀಟಾಗಿ ಮಲಗಿದವರಿಗೂ ಒಮ್ಮೊಮ್ಮೆ ಆಗುತ್ತದೆ ಅಂದರು. ಆ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ಅದರ ಹಿಂದೆ ಅಡಗಲಿಲ್ಲ.

ಮೆಷಿನ್ ಇದ್ದ ಖೋಲಿಗೆ ನನ್ನನ್ನೂ ಬಿಟ್ಟರು. ನಾನಿಲ್ಲದೆ ಅವಳು ಸೀರೆ ಸರಿಸಲು ಒಪ್ಪಲಿಲ್ಲ. ತಣ್ಣನೆಯ ಅಂಟು ಸವರಿ ಒಂದು ಹಿಡಿಕೆಯಂಥದ್ದನ್ನು ಗಡ್ಡೆಯ ಮೇಲಿಟ್ಟರು. ಪರದೆಯ ಮೇಲೆ ಬೂದಿಬಣ್ಣದ ನಡುವೆ ಒಂದು ಕರಿಯ ಚೀಲ. ಏನೋ ಒತ್ತಿದರು, ಚೀಲದೊಳಗೆ ಬಣ್ಣ ಬಂತು. ಅರ್ಧ ಕೆಂಪು, ಅರ್ಧ ನೀಲಿ, ಒಂದನ್ನೊಂದು ಅಟ್ಟಿಕೊಂಡು ಸುತ್ತುತ್ತಿದ್ದವು. ಕೆಳಗೆ ದೊಡ್ಡ ನಾಳ. ಎರಡರ ನಡುವೆ ದಾರದಂಥ ಒಂದು ಸಣ್ಣ ಕುತ್ತಿಗೆ. ಎದೆ ಬಡಿದಾಗ ರಕ್ತ ಆ ಕುತ್ತಿಗೆಯಿಂದ ಚೀಲಕ್ಕೆ ನುಗ್ಗುತ್ತದೆ, ಬಡಿತ ಇಳಿದಾಗ ತಿರುಗಿ ಬರುತ್ತದೆ. ಹೋಗಿ ಬಂದು, ಹೋಗಿ ಬಂದು. ಮೆಷಿನ್ನಿನಿಂದ ಸದ್ದೂ ಬರುತ್ತಿತ್ತು, ಗರಗಸ ಎಳೆದ ಹಾಗೆ.

ಡಾಕ್ಟರು ಹೇಳಿದ್ದು ಇದು. ನಾಳದ ಗೋಡೆಯೇ ತೆಳ್ಳಗಾಗಿ ಉಬ್ಬಿದರೆ ಅದು ನಿಜವಾದ ಉಬ್ಬು. ಇದು ಹುಸಿ ಉಬ್ಬು. ತಂತಿಯ ತೂತು ಮುಚ್ಚದೆ ರಕ್ತ ಹೊರಗೆ ಬಂದು, ಮಾಂಸದ ನಡುವೆ ತಾನೇ ಜಾಗ ಮಾಡಿಕೊಂಡಿದೆ. ಅದಕ್ಕೆ ತನ್ನದೆಂಬ ಗೋಡೆ ಇಲ್ಲ. ಸುತ್ತಲಿನ ಮಾಂಸ, ಚರ್ಮ ಹಿಡಿದಿರುವಷ್ಟು ಹೊತ್ತು ಇರುತ್ತದೆ. ಸಣ್ಣದಾಗಿದ್ದರೆ ತಾನೇ ಗಟ್ಟಿಯಾಗಿ ಮುಚ್ಚುವುದೂ ಉಂಟು. ಇದು ದೊಡ್ಡದು, ಬೆಳೆಯುತ್ತಿದೆ. ಒಡೆದರೆ ಬಹಳ ರಕ್ತ ಹೋಗುತ್ತದೆ.

ನನಗೆ ನನ್ನ ಕೆಲಸದ ರೀತಿಯಲ್ಲಿ ತಿಳಿಯಿತು. ಗೋಡೆಯೊಳಗೆ ಪೈಪು ಸೋರಿದರೆ ಮೇಲೆ ಪ್ಲಾಸ್ಟರು ಉಬ್ಬುತ್ತದೆ. ಹೊಸಬನಾದರೆ ಉಬ್ಬನ್ನು ಕೆತ್ತುತ್ತಾನೆ, ನೀರು ಮುಖಕ್ಕೆ ಚಿಮ್ಮುತ್ತದೆ. ತಿಳಿದವನು ಮೊದಲು ಪೈಪು ಹುಡುಕುತ್ತಾನೆ. ನಲವತ್ತು ವರ್ಷ ಗೋಡೆ ನೋಡಿದ ನಾನು ಇಲ್ಲಿ ಹೊಸಬನ ಕೆಲಸ ಮಾಡಲು ಕೂತಿದ್ದೆ.

“ಇಂಥದ್ದು ಎದೆಯೊಳಗೂ ಆಗುತ್ತದೇನು?” ಕೇಳಿದೆ.

“ಆಗುತ್ತದೆ, ಅಪರೂಪಕ್ಕೆ” ಅಂದರು. “ಹೃದಯಾಘಾತವಾದ ಮೇಲೆ ಹೃದಯದ ಗೋಡೆ ಹರಿದು, ಹೊರಗಿನ ಪೊರೆ ಮಾತ್ರ ರಕ್ತವನ್ನು ಹಿಡಿದುಕೊಂಡಿರುತ್ತದೆ. ಅದು ಇದಕ್ಕಿಂತ ಕೆಟ್ಟದ್ದು. ಹೆಚ್ಚಾಗಿ ಎದೆ ತೆರೆದೇ ಹೊಲಿಯಬೇಕು. ನಿಮ್ಮ ಅಕ್ಕನ ಎದೆಯನ್ನೂ ಇದೇ ಮೆಷಿನ್ನಿನಲ್ಲಿ ನೋಡಿದೆ, ಅಲ್ಲಿ ಏನೂ ಇಲ್ಲ.”

ಅಕ್ಕ ಅಲ್ಲ, ನೆಗೆಣ್ಣಿ ಅಂತ ತಿದ್ದಲು ಹೋಗಲಿಲ್ಲ. ಮರಾಠಿಯಲ್ಲಿ ಅದಕ್ಕೆ ಏನನ್ನುತ್ತಾರೋ ಆಗ ನೆನಪಾಗಲಿಲ್ಲ.

ಮೊದಲು ಆ ಹಿಡಿಕೆಯಿಂದಲೇ ಕುತ್ತಿಗೆಯ ಮೇಲೆ ಒತ್ತಿ ಹಿಡಿದರು. ರಕ್ತ ನುಗ್ಗುವುದು ನಿಂತರೆ ಒಳಗಿದ್ದದ್ದು ಗಟ್ಟಿಯಾಗುತ್ತದಂತೆ. ಡಾಕ್ಟರ ಕೈ ಸೋಲುವ ತನಕ ಒತ್ತಿದರು. ನೆಗೆಣ್ಣಿ ನನ್ನ ಮುಂಗೈ ಹಿಡಿದು ಉಗುರು ನೆಟ್ಟಳು. “ಇದಕ್ಕಿಂತ ನೀ ಚುಚ್ಚಿದ್ರ ಚೊಲೊ ಇತ್ತು” ಅಂದಳು. ಕೈ ಎತ್ತಿದರು, ಕೆಂಪು ತಿರುಗಿ ಬಂತು. ಇನ್ನೊಮ್ಮೆ ಒತ್ತಿದರು, ಮತ್ತೆ ಬಂತು. ರಕ್ತ ತೆಳ್ಳಗಿಡುವ ಗುಳಿಗೆ ಮುಚ್ಚಲು ಬಿಡುತ್ತಿಲ್ಲ ಅಂದರು. ಹಾಗಾದರೆ ಗುಳಿಗೆ ನಿಲ್ಲಿಸಿರಿ ಅಂದೆ. ನಿಲ್ಲಿಸಿದರೆ ಎದೆಯ ಸ್ಟೆಂಟು ಮುಚ್ಚಬಹುದು ಅಂದರು. ಎದೆಯಲ್ಲಿ ತೆರೆದಿರಬೇಕು, ತೊಡೆಯಲ್ಲಿ ಮುಚ್ಚಬೇಕು, ನುಂಗುವ ಗುಳಿಗೆ ಒಂದೇ. ಮನುಷ್ಯನ ಮೈಯೊಳಗೆ ಇಷ್ಟು ತೊಡಕಿದೆ ಅಂತ ನನಗೆ ಗೊತ್ತಿರಲಿಲ್ಲ. ಸುಣ್ಣ ಬೆಲ್ಲ ಎಲ್ಲಕ್ಕೂ ಒಂದೇ ಆಗಿತ್ತು.

ಮಧ್ಯಾಹ್ನ ಇನ್ನೊಬ್ಬ ಡಾಕ್ಟರು ಬಂದರು. ಸೂಜಿಯಿಂದ ಆ ಚೀಲದೊಳಕ್ಕೇ ಒಂದು ಔಷಧಿ ಬಿಡುತ್ತೇವೆ, ರಕ್ತ ಅಲ್ಲೇ ಹೆಪ್ಪಾಗುತ್ತದೆ, ಆಗದಿದ್ದರೆ ಕೊಯ್ದು ಹೊಲಿಯಬೇಕು ಅಂದರು. ಔಷಧಿ ಜಾರಿ ದೊಡ್ಡ ನಾಳಕ್ಕೆ ಹೋದರೆ ಕಾಲಿಗೇ ರಕ್ತ ನಿಲ್ಲುತ್ತದೆ, ಆ ಅಪಾಯವನ್ನೂ ಬಚ್ಚಿಡದೆ ಹೇಳಿದರು. ಭಾವನಿಗೆ ಫೋನು ಹಚ್ಚಿದೆ. “ನೀ ಅದಿಯಲ್ಲ, ನಿನಗ ತಿಳದಂಗ ಮಾಡವಾ” ಅಂದ. ಅಷ್ಟು ಹೊತ್ತಿಗೆ ನನಗೆ ತಿಳಿದದ್ದು ಎಷ್ಟು ಅಂತ ನನಗೆ ಗೊತ್ತಾಗಿತ್ತು. ಆದರೂ ಹೂಂ ಅಂದೆ. ಹೆಬ್ಬೆಟ್ಟು ಒತ್ತಲು ಹೋದ ನೆಗೆಣ್ಣಿಯ ಕೈಗೆ ಸೊಸೆ ಪೆನ್ನು ಕೊಟ್ಟಳು. ಹೆಸರಿನ ಮೊದಲ ಎರಡು ಅಕ್ಷರ ಬರೆದು ಸಾಕು ಅಂದಳು.

ಡಾಕ್ಟರು ಮೊದಲು ಅವಳ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿ, ಸಿಕ್ಕಿದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದರು. ಆಮೇಲೆ ಪರದೆ ನೋಡುತ್ತಲೇ ಸೂಜಿ ಹಾಕಿದರು. ಪರದೆಯಲ್ಲಿ ಸೂಜಿಯ ತುದಿ ಬಿಳಿ ಚುಕ್ಕೆಯಾಗಿ ಚೀಲದೊಳಗೆ ಬಂತು. ನಾನೂ ಸೂಜಿ ಹಿಡಿದವಳು. ಕೈ ಎಲ್ಲಿಯೂ ಅವಸರ ಮಾಡಲಿಲ್ಲ, ಅದನ್ನು ನೋಡಿದೆ. ಹನಿ ಹನಿಯಾಗಿ ಬಿಟ್ಟರು. ಸುತ್ತುತ್ತಿದ್ದ ಕೆಂಪು ನೀಲಿ ನಿಧಾನವಾಯಿತು, ಒಂದು ಮೂಲೆಗೆ ಸರಿಯಿತು, ಆರಿತು. ನಾನು ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲು ಒಂದು ರಾತ್ರಿ ಬೇಕು. ಇದು ನಾನು ಎರಡು ಸಲ ಉಸಿರು ಬಿಡುವಷ್ಟರಲ್ಲಿ ಆಯಿತು. ಗರಗಸದ ಸದ್ದೂ ನಿಂತಿತು. ಡಾಕ್ಟರು ತಿರುಗಿ ಪಾದದ ಗುರುತಿನ ಮೇಲೆ ಬೆರಳಿಟ್ಟರು. “ಬಡಿಯುತ್ತಿದೆ” ಅಂದರು.

“ನಿಂತದ್ದು ಚೊಲೊನೊ, ಬಡಿಯೂದು ಚೊಲೊನೊ, ನನಗ ಒಂದೂ ತಿಳಿವಲ್ದು” ಅಂದಳು ನೆಗೆಣ್ಣಿ.

“ಮ್ಯಾಲ ನಿಂದ್ರಬೇಕು, ಕೆಳಗ ಬಡೀಬೇಕು. ಎರಡೂ ಆಗೈತಿ. ಬಾಯಿ ಮುಚ್ಚು.”

ಆಮೇಲೆ ಮತ್ತೆ ಅದೇ. ಆರು ತಾಸು ಅಂಗಾತ, ಕಾಲು ನೀಟ. ನಾನು ಅವಳ ಬಲ ಮೊಣಕಾಲಿನ ಮೇಲೆ ಕೈ ಇಟ್ಟು ಸ್ಟೂಲಿನ ಮೇಲೆ ಕೂತೆ. ಎರಡು ತಾಸಿಗೆ ಅವಳು ನನ್ನ ಮುಖ ನೋಡಿದಳು. ನನಗೆ ತಿಳಿಯಿತು.

“ಸಣ್ಣಾಕಿ.”

“ಇಲ್ಲ.”

“ನಾ ಇನ್ನೂ ಏನೂ ಅಂದಿಲ್ಲ.”

“ಸಂಡಾಸದ ಹೆಸರ ತಗದ್ರ ಕಾಲ ಮಂಚಕ್ಕ ಕಟ್ಟತೀನಿ.”

ಬೆಡ್‌ಪ್ಯಾನ್ ನಾನೇ ತಂದೆ, ಪರದೆ ಎಳೆದೆ, ಸೊಂಟವನ್ನಷ್ಟೇ ಎತ್ತಿ ಕೆಳಗೆ ಸರಿಸಿದೆ. ಬರಲಿಲ್ಲ. ಹೊಟ್ಟೆ ಬಿಗಿದಿದೆ, ಆದರೂ ಬರುತ್ತಿಲ್ಲ. ಅರವತ್ತಾರು ವರ್ಷ ಕುಕ್ಕರುಗಾಲಲ್ಲಿ ಕೂತ ಮೈ, ಮಲಗಿ ಬಿಡು ಅಂದರೆ ಬಿಡುವುದಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಒತ್ತುವಾಗ ಬರಲಿಲ್ಲ, ಸೂಜಿ ಹಾಕಿದಾಗ ಬರಲಿಲ್ಲ, ಇದಕ್ಕೆ ಬಂತು. ನಾನು ಬಗ್ಗಿ ಅವಳ ಕಿವಿಯ ಹತ್ತಿರ, ಕೂಸುಗಳನ್ನು ಕಾಲ ಮೇಲೆ ಕೂರಿಸಿಕೊಂಡು ಮಾಡುತ್ತೇವಲ್ಲ, ಹಾಗೆ “ಸ್ಸ್‌ಸ್ಸ್” ಅಂದೆ.

“ಥೂ ನಿನ್ನ. ನಾಚಿಕಿ ಐತೇನ ನಿನಗ?”

“ಸ್ಸ್‌ಸ್ಸ್.”

ಅವಳಿಗೆ ನಗು ಬಂತು. ನಗಬೇಡ, ತೊಡೆ ಅಲುಗುತ್ತದೆ ಅಂದೆ. ನಗುತ್ತಲೇ ಆಯಿತು. ಸದ್ದು ಕೇಳಿ ಪಕ್ಕದ ಮಂಚದ ಹೆಂಗಸು ಪರದೆಯಾಚೆಯಿಂದ “ಝಾಲಂ ಕಾ?” ಅಂದಳು. “ಝಾಲಂ” ಅಂದೆ ನಾನು, ಆಯಿತು ಅಂತ.

ಅದನ್ನು ತೊಳೆದು ತಂದಾಗ ನೆಗೆಣ್ಣಿ ಮೇಲೆ ಫ್ಯಾನು ನೋಡುತ್ತ ಮಲಗಿದ್ದಳು. “ಆವತ್ತ ಹಿಂಗ ಮಾಡಿದ್ರ ಆಗ್ತಿತ್ತು” ಅಂದಳು.

“ಹೂಂ” ಅಂದೆ.

“ಕೊಡ ಒಯ್ಯಿ ನೀ. ನನಗ ಎತ್ತಾಕೂ ಆಗೂದಿಲ್ಲ ಇನ್ನ.”

“ಅದು ತೂತ ಬಿದ್ದಿರಬೇಕು, ಅದಕ್ಕ ಕೊಡಾಕತ್ತಿ” ಅಂದೆ. ಆರು ತಾಸು ಮುಗಿಯುವ ತನಕ ಮೊಣಕಾಲಿನಿಂದ ಕೈ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಮೆಷಿನ್ ಹಚ್ಚಿ ನೋಡಿದರು. ಚೀಲ ಇತ್ತು, ಬಣ್ಣ ಇರಲಿಲ್ಲ. ಪೂರ್ತಿ ಕರಿ. ಹೆಣ್ಣು ಡಾಕ್ಟರು ನನ್ನನ್ನು ಕರೆದು ತೋರಿಸಿದರು. ಗಡ್ಡೆ ತಾನೇ ಕರಗುತ್ತದೆ, ದಿನ ಹಿಡಿಯುತ್ತದೆ, ಮೇಲೆ ಏನೂ ಹಚ್ಚಬೇಡಿ ಅಂದರು. ಸೊಸೆಯನ್ನು ಅಲ್ಲೇ ಬಿಟ್ಟು, ಬಟ್ಟೆ ತರಲು ನಾನು ಸಿಟಿ ಬಸ್ಸು ಹಿಡಿದು ಖೋಲಿಗೆ ಬಂದೆ. ಬಾಗಿಲಲ್ಲಿ ಗೋಡೆ ಕಟ್ಟುವ ಒಬ್ಬ ಗೌಂಡಿ ಕೂತಿದ್ದ, ಕಲಬುರಗಿ ಕಡೆಯವನು, ಮಕ್ಕಳ ತಂದೆ. ಬಗಲಲ್ಲಿ ಕುರು, ಕೈ ಇಳಿಸಲು ಆಗುತ್ತಿಲ್ಲ.

“ಹಣ್ಣಾಗ್ಯಾದ ಆಯಿ. ಚುಚ್ಚು, ಕೆಲಸಕ್ಕ ಹೋಗ್ತೀನಿ” ಅಂದ.

ಕೂರಿಸಿ, ಎರಡು ಬೆರಳಿಟ್ಟೆ. ಕಣ್ಣು ಮುಚ್ಚಿ ಬಹಳ ಹೊತ್ತು ಕಾದೆ. ಮೆತ್ತಗಿತ್ತು, ಬೆರಳಿಗೆ ಜಾಗ ಬಿಟ್ಟಿತು, ಬಡಿಯಲಿಲ್ಲ. ಬರೀ ಕುರು. ಚುಚ್ಚಬಹುದಿತ್ತು. ಸೂಜಿ ಸೊಸೆ ಇಟ್ಟಲ್ಲೇ ಇತ್ತು, ಕಿಟಕಿಯ ಮೇಲೆ, ಒಣಗಿದ ಸುಣ್ಣದ ಬಟ್ಟಲಿನ ಪಕ್ಕ.

“ನಡಿ” ಅಂದೆ.

“ಎಲ್ಲಿಗಿ?”

“ದವಾಖಾನಿಗಿ.”

“ಇಷ್ಟಕ್ಕ? ನೀ ಇದ್ದೀಯಲ್ಲ?”

“ನಾ ಇರ್ತೀನಿ. ನಡಿ.”

ತಿರುವಿನಲ್ಲಿರುವ ಸರಕಾರಿ ದವಾಖಾನೆಗೆ ಅವನನ್ನು ಕರೆದುಕೊಂಡು ಹೋದೆ. ಡಾಕ್ಟರು ಅವನನ್ನು ಮಲಗಿಸಿ ಕೈ ಎತ್ತಿಸಿದರು, ನರ್ಸ್ ಹತ್ತಿ, ಬ್ಲೇಡು ತಂದಿಟ್ಟಳು. ಹೊರಗೆ ಕೂರಿ ಮಾವಶಿ ಅಂದಳು. ನಾನು ಹೋಗಲಿಲ್ಲ. ಬ್ಲೇಡು ಎತ್ತುವ ಮೊದಲು ಡಾಕ್ಟರು ಬೆರಳಿಟ್ಟು ನೋಡುತ್ತಾರೋ ಇಲ್ಲವೋ ಅಂತ ಬಾಗಿಲಲ್ಲಿ ನಿಂತು ನೋಡಿದೆ. ಬೆರಳಿಟ್ಟು ನೋಡಿದರು. ಆಮೇಲೆ ಹೊರಗೆ ಹೋಗಿ ಕೂತೆ.